ಶಿಫಾರಸು ಪತ್ರವೂ ಒಂದು ಸಾಕ್ಷಿಯೇ

"ಫಾದರ್, ಪತ್ರ ನಾನೇ ಟೈಪ್ ಮಾಡಿ ತಂದಿದ್ದೇನೆ, ನೀವು ಸಹಿ ಹಾಕಿದರೆ ಸಾಕು." ವಿದೇಶದಲ್ಲಿ ಎಂಬಿಎ ಓದಬಯಸುವ ಯುವಜನರಿಂದ ಈ ಮಾತನ್ನು ನಾವು ಹಲವು ಬಾರಿ ಕೇಳಿದ್ದೇವೆ. ಪರಿಚಯದ ಮನೆಯ ಮಕ್ಕಳೆಂಬ ದಾಕ್ಷಿಣ್ಯದಿಂದ ಸಹಿ ಹಾಕಿದ್ದೂ ಉಂಟು. ಅದು ತಪ್ಪೆಂದು ಇಂದು ಹೇಳಲೇಬೇಕಾಗಿದೆ.

ಹಾರ್ವರ್ಡ್, ಸ್ಟ್ಯಾನ್‌ಫೋರ್ಡ್, ಇನ್ಸಿಯಾಡ್‌ನಂತಹ ಬಿಸಿನೆಸ್ ಸ್ಕೂಲ್‌ಗಳು ಅರ್ಜಿಯೊಂದಿಗೆ 2 ಶಿಫಾರಸುಗಳನ್ನು ಕೇಳುತ್ತವೆ. ಶಿಫಾರಸು ಮಾಡುವವರಿಗೆ ಇಮೇಲ್ ಮೂಲಕ ಲಿಂಕ್ ಬರುತ್ತದೆ. ಅವರೇ ನೇರವಾಗಿ ಉತ್ತರಿಸಬೇಕು. ಜಿಮ್ಯಾಟ್ ಪರೀಕ್ಷೆಯನ್ನು ರೂಪಿಸುವ ಜಿಮ್ಯಾಕ್ ಸಂಸ್ಥೆಯು ಸಿದ್ಧಪಡಿಸಿದ ಸಾಮಾನ್ಯ ಪ್ರಶ್ನೆಗಳನ್ನು ಅನೇಕ ಸ್ಕೂಲ್‌ಗಳು ಬಳಸುತ್ತವೆ. ಅವುಗಳಲ್ಲಿ ಎರಡು ಮುಖ್ಯ: ಇದೇ ಬಗೆಯ ಕೆಲಸ ಮಾಡುವ ಇತರರೊಂದಿಗೆ ಹೋಲಿಸಿದರೆ ಈ ಅಭ್ಯರ್ಥಿ ಹೇಗೆ? ನೀವು ಈತನಿಗೆ ಕೊಟ್ಟ ಅತಿ ಮುಖ್ಯವಾದ ತಿದ್ದುಪಡಿಯ ಸಲಹೆ ಯಾವುದು, ಅದನ್ನು ಈತ ಹೇಗೆ ಸ್ವೀಕರಿಸಿದ?

ಕೆಲಸವನ್ನು ಕಣ್ಣಾರೆ ಕಂಡವರಲ್ಲದೆ ಬೇರೆ ಯಾರೂ ಇದಕ್ಕೆ ಉತ್ತರಿಸಲಾರರು. ಆದ್ದರಿಂದ ದೊಡ್ಡ ಹುದ್ದೆಯವರ ಹಿಂದೆ ಓಡಬೇಡಿ. ಮುಖಪರಿಚಯ ಮಾತ್ರವಿರುವ ಕಂಪೆನಿಯ ನಿರ್ದೇಶಕರಿಗಿಂತ ದಿನವೂ ನಿಮ್ಮಿಂದ ಕೆಲಸ ಮಾಡಿಸಿದ ಮೇಲಧಿಕಾರಿಯ ಮಾತಿಗೆ ಬೆಲೆ ಹೆಚ್ಚು.

ಆದರೆ ಅದೇ ಮೇಲಧಿಕಾರಿ "ಪುರುಸೊತ್ತಿಲ್ಲ, ನೀನೇ ಬರೆದು ತಾ" ಎಂದರೆ? ಒಪ್ಪಬೇಡಿ. ಅಭ್ಯರ್ಥಿಯೇ ಪತ್ರ ಬರೆಯುವುದು ನಿಯಮಬಾಹಿರ. ಅರ್ಜಿ ಮತ್ತು ಪತ್ರದ ಶೈಲಿ ಒಂದೇ ಆಗಿದ್ದರೆ ಓದುವವರಿಗೆ ಸಂಶಯ ಬಾರದಿರದು. ಸಿಕ್ಕಿಬಿದ್ದರೆ ಸೀಟು ಕೈತಪ್ಪಬಹುದು. ಅದರ ಬದಲು ಒಂದು ಪುಟದ ಟಿಪ್ಪಣಿ ಕೊಡಿ: ಅವರ ಕೈಕೆಳಗೆ ಮಾಡಿದ ಕೆಲಸಗಳು, ಸಿಕ್ಕಿದ ಫಲ, ಮಾಡಿದ ಒಂದು ತಪ್ಪು, ಅದನ್ನು ತಿದ್ದಿಕೊಂಡ ಬಗೆ. ನೆನಪಿಸುವುದು ನ್ಯಾಯ, ಅವರ ಬಾಯಿಯಲ್ಲಿ ಮಾತು ತುರುಕುವುದು ನ್ಯಾಯವಲ್ಲ. ಕನಿಷ್ಠ 6 ವಾರ ಮುಂಚಿತವಾಗಿ ಕೇಳಿ. "ನನ್ನ ಬಗ್ಗೆ ಮನಃಪೂರ್ವಕವಾಗಿ ಬರೆಯಲು ನಿಮಗೆ ಸಾಧ್ಯವೇ?" ಎಂದೇ ಕೇಳಿ. ಅವರು ಹಿಂದೆಮುಂದೆ ನೋಡಿದರೆ ವಂದಿಸಿ ಬೇರೆಯವರನ್ನು ಹುಡುಕಿ.

ಧರ್ಮಗುರುಗಳಿಗೂ ಚರ್ಚಿನ ಸಂಘಟನೆಗಳ ಸಚೇತಕರಿಗೂ ಒಂದು ಮಾತು. ಯುವಕನೊಬ್ಬ ಭಾನುವಾರದ ಪೂಜೆಗೆ ತಪ್ಪದೆ ಬರುತ್ತಾನೆ ಎಂಬುದು ಒಳ್ಳೆಯ ಚಾರಿತ್ರ್ಯಪತ್ರವಾದೀತು, ಬಿಸಿನೆಸ್ ಸ್ಕೂಲ್‌ಗೆ ಶಿಫಾರಸಾಗದು. ಆದರೆ ಯುವಸಂಘಟನೆಯ ಲೆಕ್ಕಪತ್ರವನ್ನು ಆತ ಎರಡು ವರ್ಷ ನೋಡಿಕೊಂಡದ್ದನ್ನು ನೀವು ಕಂಡಿದ್ದರೆ, ಸ್ಕೂಲ್‌ನ ನಿಯಮ ಒಪ್ಪುವುದಾದರೆ, ಅದನ್ನು ಬರೆಯಿರಿ. ಕಾಣದ್ದನ್ನು ಬರೆಯಬೇಡಿ. ಇಲ್ಲವೆನ್ನುವುದು ನಿಷ್ಠುರವೆನಿಸಿದರೂ ಅದು ದ್ರೋಹವಲ್ಲ.

ಸಂತ ಪೌಲರು ರೋಮನರಿಗೆ ಬರೆದ ಪತ್ರದ 16ನೆಯ ಅಧ್ಯಾಯದಲ್ಲಿ ಫೊಯಿಬೆ ಎಂಬ ಸಹೋದರಿಯನ್ನು ಶಿಫಾರಸು ಮಾಡುತ್ತಾರೆ. ಆಕೆ ಯಾವ ಸಭೆಯ ಸೇವಕಿ, ಆಕೆಯಿಂದ ಅನೇಕರಿಗೂ ತಮಗೂ ನೆರವಾಯಿತು ಎಂಬುದಷ್ಟೇ ಅಲ್ಲಿದೆ. ತಿಳಿದದ್ದನ್ನು ಮಾತ್ರ ಹೇಳಿದ ಆ ಎರಡು ಸಾಲು ಸಾಕಾಯಿತು. ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆ ನ್ಯಾಯಾಲಯಕ್ಕೆ ಮಾತ್ರ ಸೀಮಿತವಲ್ಲ. ನಾವು ಹಾಕುವ ಪ್ರತಿಯೊಂದು ಸಹಿಗೂ ಅದು ಅನ್ವಯಿಸುತ್ತದೆ.