ಹಸುವಿನ ಬಾಯಿಗೆ ಕೈಹಾಕುವ ಮುನ್ನ

ದೇವರಾಯನದುರ್ಗದ ತಪ್ಪಲಿನಲ್ಲಿ ಕಾಡಂಚಿಗೆ ಮೇಯಲು ಹೋದ ದನವನ್ನು ನಾಯಿ ಕಚ್ಚಿದರೆ ಒಡೆಯನಿಗೆ ಅದು ತಿಳಿಯದೆಯೇ ಹೋಗಬಹುದು. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಹಸು ಮೇವು ಬಿಡುತ್ತದೆ. ಜೊಲ್ಲು ಸುರಿಸುತ್ತ, ಒಡೆದ ದನಿಯಲ್ಲಿ ಅರಚುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಮನೆಯವರು ಬಾಯೊಳಗೆ ಕೈಹಾಕುತ್ತಾರೆ. ಅಪಾಯವಿರುವುದು ಅಲ್ಲಿಯೇ. ರೇಬೀಸ್ ವಿಷಾಣು ಆ ಜೊಲ್ಲಿನಲ್ಲಿದೆ. ಬೆರಳಿನ ಮೇಲೊಂದು ಗೀರಿದ್ದರೂ ಸಾಕು. ‘ಹುಚ್ಚು’ ಎಂಬ ಹೆಸರೂ ನಮ್ಮನ್ನು ದಾರಿ ತಪ್ಪಿಸಿದೆಯೆನ್ನಬೇಕು: ಕೆರಳದೆ, ಮಂಕು ಕವಿದು ಸಾಯುವ ದನಗಳೂ ಉಂಟು.

ಲಕ್ಷಣ ತೋರಿದ ಮೇಲೆ ದನಕ್ಕೆ ಚಿಕಿತ್ಸೆಯಿಲ್ಲ. ಆದರೆ ವಿಷಾಣು ಗಾಯದಿಂದ ನರಗಳ ದಾರಿ ಹಿಡಿದು ಮಿದುಳಿಗೆ ನಿಧಾನವಾಗಿ ಸಾಗುವಂಥದು. 1885ರಲ್ಲಿ ಪಾಶ್ಚರ್ ಲಸಿಕೆಯಿಂದ ಬಾಲಕನೊಬ್ಬನನ್ನು ಉಳಿಸಲು ಯತ್ನಿಸಿದ್ದು ಈ ಬಿಡುವಿನಲ್ಲಿಯೇ. ಆದುದರಿಂದ ನಾಯಿ ಕಚ್ಚಿದ್ದು ಕಂಡೊಡನೆ, ಕೈಗವಸು ತೊಟ್ಟು, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ ಮೆತ್ತುವುದು ಬೇಡ. ಅಂದೇ ಪಶುವೈದ್ಯರನ್ನು ಕಾಣಿರಿ. ಮೊದಲ ಚುಚ್ಚುಮದ್ದಿನ ದಿನವನ್ನು ಸೊನ್ನೆಯೆಂದೆಣಿಸಿ 3, 7, 14, 28ನೆಯ ದಿನಗಳಲ್ಲಿ ಮತ್ತೆ ಲಸಿಕೆ ಹಾಕಿಸುವುದು ವಾಡಿಕೆ. ಎರಡಾದ ಮೇಲೆ ದನ ಚೆನ್ನಾಗಿದೆಯೆಂದು ನಿಲ್ಲಿಸುವವರೇ ಹೆಚ್ಚು!

ಸಂದೇಹದ ಹಸುವಿನ ಬಾಯಿಗೆ ಈಗಾಗಲೇ ಕೈಹಾಕಿದ್ದವರು ಅದರ ಸಾವಿಗಾಗಿ ಕಾಯದೆ ಕೈತೊಳೆದು ಆಸ್ಪತ್ರೆಗೆ ಹೊರಡಬೇಕು.