ಕೈಗಡಿಯಾರದ ದ್ರವ್ಯವೂ ಚಲನವೂ

ಬೇಲೂರಿನ ಚೆನ್ನಕೇಶವಾಲಯವು ಕ್ರಿ. ಶ. 1117ರಲ್ಲಿ ಪ್ರತಿಷ್ಠಿತವಾಯಿತು. ಅಲ್ಲಿಯೂ ಹಳೇಬೀಡಿನ ಹೊಯ್ಸಳೇಶ್ವರಾಲಯದಲ್ಲಿಯೂ ಬಳೆಗಳನ್ನು ಪೋಣಿಸಿದಂತೆ ತೋರುವ ನುಣುಪಾದ ಕಂಬಗಳು ತಿರುಗಣೆಯಲ್ಲಿ ಕಡೆದವೆಂದು ಬಲ್ಲವರ ಮತ. ಈ ಕೆಲಸಕ್ಕೆ ಒದಗಿದುದು ಬಳಪದ ಕಲ್ಲು. ಅಗೆದು ತೆಗೆದಾಗ ಮೃದುವಾಗಿದ್ದು ಉಳಿಗೆ ಒಲಿಯುವ ಆ ಕಲ್ಲು ಗಾಳಿ ಬಿಸಿಲುಗಳಿಗೆ ಸಿಕ್ಕಿದ ಮೇಲೆ ಗಡುಸಾಗುವುದು. ದ್ರವ್ಯದ ಸ್ವಭಾವವನ್ನೂ ಚಲನದ ನಿಯಮವನ್ನೂ ಕೂಡಿಯೇ ಅರಿತವರಿಗಲ್ಲದೆ ಇಂತಹ ಕೃತಿ ಸಾಧ್ಯವಾಗದು. ಬೆಲೆಯುಳ್ಳ ಯಾಂತ್ರಿಕ ಕೈಗಡಿಯಾರವನ್ನು ತಿಳಿಯುವುದಕ್ಕೂ ಇದೇ ಮಾರ್ಗ.

ಪೂರ್ವದಲ್ಲಿ ಕಾಲವನ್ನು ಅಳೆದುದು ಘಟಿಕಾಪಾತ್ರೆ. ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲು ನೀರಿನಲ್ಲಿ ತೇಲಿ, ತುಂಬಿ ಮುಳುಗುವಷ್ಟು ಹೊತ್ತು ಒಂದು ಘಳಿಗೆ, ಎಂದರೆ 24 ನಿಮಿಷ. ಅಂದಿನ ಮಧ್ಯಾಹ್ನವು ಆಯಾ ಊರಿನ ಸೂರ್ಯನದು. ಅರಸೀಕೆರೆಯ ಜಂಕ್ಷನ್ನಿನಲ್ಲಿ ರೈಲುಗಾಡಿಗಳು ಕೂಡಬೇಕಾದರೆ ಎಲ್ಲ ಊರುಗಳಿಗೂ ಒಂದೇ ಗಂಟೆ ಬೇಕು. ಈಗಿನ ಭಾರತೀಯ ಕಾಲಮಾನವು ಪೂರ್ವರೇಖಾಂಶ 82½ ಅಂಶವನ್ನು ಆಧರಿಸಿದುದಾದ್ದರಿಂದ, ಗಡಿಯಾರ ಹನ್ನೆರಡು ತೋರಿದ ಸುಮಾರು 26 ನಿಮಿಷಗಳ ಮೇಲೆ, ಸರಾಸರಿ ಲೆಕ್ಕದಲ್ಲಿ, ಬೇಲೂರಿಗೆ ನಡುಹಗಲು. ಈ ಅಂತರವು ಒಂದು ಘಳಿಗೆಗಿಂತ ತುಸು ಹೆಚ್ಚು.

ಹೊಯ್ಸಳರ ಕಾಲದಲ್ಲಿಯೇ, 1150ರಲ್ಲಿ, ಭಾಸ್ಕರಾಚಾರ್ಯನು ಸಿದ್ಧಾಂತಶಿರೋಮಣಿಯಲ್ಲಿ ಪಾದರಸ ತುಂಬಿದ ಅರಗಳ ಸ್ವಯಂವಹ ಚಕ್ರವನ್ನು ವರ್ಣಿಸಿದನು. ಅಂತಹ ಚಕ್ರವು ನಿಲ್ಲದೆ ತಿರುಗಲಾರದು. ಘರ್ಷಣೆಯು ತಿಂದ ಬಲವನ್ನು ತುಂಬಿಕೊಡುವ ಸಂಚಯವು ಅದರಲ್ಲಿಲ್ಲ. ಕೈಗಡಿಯಾರದಲ್ಲಿ ಆ ಸಂಚಯವುಂಟು. ಕೀಲಿ ಕೊಟ್ಟಾಗ ಬಿಗಿಯಾಗಿ ಸುತ್ತಿಕೊಳ್ಳುವ ಉಕ್ಕಿನ ಪಟ್ಟಿಯೇ ಅದು. ಪಟ್ಟಿ ಬಿಚ್ಚಿಕೊಳ್ಳುತ್ತ ಹಲ್ಲುಚಕ್ರಗಳ ಸಾಲನ್ನು ತಿರುಗಿಸುವುದು. ಸಾಲಿನ ಕೊನೆಯಲ್ಲಿರುವ ಕವೆಯಂತಹ ತಡೆಯು ಒಂದೊಂದೇ ಹಲ್ಲನ್ನು ಹಿಡಿದು ಬಿಡುವುದು. ‘ಟಿಕ್ ಟಿಕ್’ ಎಂಬ ನಾದ ಹುಟ್ಟುವುದು ಇಲ್ಲಿಯೇ. ಆ ತಡೆಯನ್ನು ಆಳುವುದು ಅತ್ತಿತ್ತ ತೂಗುವ ಚಕ್ರ. ತೂಗುಚಕ್ರವನ್ನು ಆಳುವುದು ಕೂದಲೆಳೆಯಂತಹ ಸುರುಳಿ. ಈ ಸುರುಳಿಯನ್ನು ಹೈಗೆನ್ಸನು 1675ರಲ್ಲಿ ಪ್ರಕಟಪಡಿಸಿದನು.

ಗಂಟೆಗೆ 18,000 ತೂಗಾಟವೆಂದರೆ ಸೆಕೆಂಡಿಗೆ ಐದು. ಒಂದು ಅಹೋರಾತ್ರಿಗೆ 4,32,000. ಕಲಿಯುಗದ ವರ್ಷಸಂಖ್ಯೆಯೂ ಇಷ್ಟೆ. ಎರಡು ಲೆಕ್ಕಗಳಿಗೂ ಅರುವತ್ತರ ಗುಣಾಕಾರವೇ ಮೂಲವಾದುದರಿಂದ ಬಂದ ಸಾಮ್ಯವಿದು. ಇದರಿಂದ ಪೂರ್ವಿಕರಿಗೆ ಕೈಗಡಿಯಾರವು ತಿಳಿದಿತ್ತೆಂದು ಸಾಧಿಸಹೊರಡುವುದು ಯುಕ್ತವಲ್ಲ.

ಇನ್ನು ದ್ರವ್ಯ. ಕಡೆಯುವುದಕ್ಕೆ ಮೃದುತ್ವವು ಗುಣ; ಸದಾ ತಿರುಗುವ ಅಚ್ಚಿಗೆ ಆಸರೆಯಾಗುವಲ್ಲಿ ಅದೇ ದೋಷ. ಆದಕಾರಣ ಗಡಿಯಾರದ ಉಕ್ಕಿನ ಅಚ್ಚುಗಳು ಮಾಣಿಕ್ಯದ ಕುಳಿಗಳಲ್ಲಿ ಕೂರುತ್ತವೆ. ಕಾಠಿನ್ಯದಲ್ಲಿ ವಜ್ರವನ್ನು ಹತ್ತೆಂದರೆ ಮಾಣಿಕ್ಯವು ಒಂಬತ್ತು. ವೆರ್ನೂಯಿಯು 1902ರಲ್ಲಿ ಕೃತಕ ಮಾಣಿಕ್ಯದ ವಿಧಾನವನ್ನು ಪ್ರಕಟಿಸಿದ ಮೇಲೆ ಈ ಕಲ್ಲುಗಳು ಸುಲಭವಾದವು. ಬಿಸಿಯೇರಿದರೆ ಸಾಮಾನ್ಯ ಉಕ್ಕಿನ ಸುರುಳಿಯ ಬಿಗಿ ತಗ್ಗಿ ಗಡಿಯಾರವು ಹಿಂದೆ ಬೀಳುವುದು. ಈ ದೋಷವನ್ನು ನೀಗಲು ನಿಕ್ಕಲ್ ಬೆರೆತ ಉಕ್ಕು ನೆರವಾಯಿತು. ಅದರ ಶೋಧಕನಾದ ಗಿಯೋಮನಿಗೆ 1920ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಹೊರಗಿನ ಚಿನ್ನವು ಕಣ್ಣಿಗೆ. ಒಳಗಿನ ಈ ಲೋಹವು ಕಾಲಕ್ಕೆ.

ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕದ ಗಡಿಯಾರವು ಅಗ್ಗವೂ ಹೆಚ್ಚು ನಿಖರವೂ ಆಗಿದೆ. ಹಾಗಿದ್ದರೂ ಯಾಂತ್ರಿಕ ಗಡಿಯಾರಕ್ಕೆ ಲಕ್ಷಾಂತರ ರೂಪಾಯಿ ತೆರುವವರುಂಟು. ಮುಚ್ಚಳದೊಳಗೆ ಮರೆಯಾಗುವ ತಗಡಿನ ಅಂಚನ್ನೂ ಕೈಯಿಂದ ತೀಡಿ ಹೊಳಪಿಡುವ ಶ್ರಮಕ್ಕೆ ಸಲ್ಲುವ ಬೆಲೆಯದು. ದೇವಾಲಯದ ಕತ್ತಲೆಯ ಮೂಲೆಯಲ್ಲಿಯೂ ಎಲೆಬಳ್ಳಿಗಳನ್ನು ಬಿಡಿಸಿದ ಶಿಲ್ಪಿಯ ಮನೋಧರ್ಮವನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು.

ಕನ್ನಡ ನಾಡಿನಲ್ಲಿ ಈ ವಿದ್ಯೆ ಶ್ರೀಮಂತರ ಸೊತ್ತಾಗಿಯೇ ಉಳಿಯಲಿಲ್ಲ. ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿಯೂ ಅನಂತರ ತುಮಕೂರಿನಲ್ಲಿಯೂ ಕೈಗಡಿಯಾರಗಳನ್ನು ತಯಾರಿಸಿತು. ಹದಿನೇಳು ಕಲ್ಲುಗಳ, ಗಂಟೆಗೆ 18,000 ತೂಗಾಟದ ‘ಜನತಾ’ ಸಾಮಾನ್ಯ ಗೃಹಸ್ಥನ ಮಣಿಕಟ್ಟನ್ನೂ ಸೇರಿತು. 2016ರಲ್ಲಿ ಕೇಂದ್ರ ಸರಕಾರವು ಈ ಗಡಿಯಾರ ಶಾಖೆಯನ್ನು ಮುಚ್ಚಲು ನಿರ್ಧರಿಸಿತು.

ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೊರೆದರು. ಆದುದರಿಂದಲೇ ಅವರು ಇಂದಿಗೂ ಚರಿತ್ರೆಯಲ್ಲಿದ್ದಾರೆ. ಜನತಾ ಗಡಿಯಾರವನ್ನು ಜೋಡಿಸಿದ ಕೈಗಳ ಹೆಸರು ಅದರ ಮುಖದ ಮೇಲಿಲ್ಲ. ಅವರ ಕೆಲಸದ ನುಡಿಯೂ, ಅಂಗಡಿಯಲ್ಲಿ ಕಣ್ಣಿಗೆ ಮಸೂರ ಸಿಕ್ಕಿಸಿ ಕುಳಿತ ರಿಪೇರಿಯವರ ನುಡಿಯೂ ಬಾಯಿಂದ ಬಾಯಿಗೆ ಬಂದುದು. ತಿರುಗಣೆ, ಬಳಪದ ಕಲ್ಲುಗಳಂತಹ ಮಾತುಗಳು ಕೋಶಗಳಲ್ಲಿ ನೆಲೆಸಿವೆ. ಈ ಮಾತುಗಳಿಗೂ ಅಂತಹ ನೆಲೆ ದೊರೆಯಬೇಕಾದರೆ, ಆಡುವವರು ಇರುವಾಗಲೇ ಬರೆದಿಡಬೇಕಾದುದು ಭಾಷಾವ್ಯಾಸಂಗಿಗಳ ಕರ್ತವ್ಯ.