ತೂಕ ಇಳಿಯಿತು, ಮಡಿಕೆಯ ಉರಿ ಉಳಿಯಿತು

ಮುಂಬಯಿ, ಚೆನ್ನೈಗಳ ಸೆಕೆ ನಮಗೆ ಹೊಸದಲ್ಲ. ಆದರೆ 30-40 ಕಿಲೊ ಇಳಿಸಿಕೊಂಡವರಿಗೆ ಈ ಬೆವರು ಇನ್ನೊಂದು ಕಾಟ ಕೊಡುತ್ತದೆ. ಕೊಬ್ಬು ಕರಗಿದರೂ ಹಿಗ್ಗಿದ ಚರ್ಮ ಪೂರ್ತಿ ಕುಗ್ಗುವುದಿಲ್ಲ. ಹೊಟ್ಟೆಯ ಕೆಳಗೆ, ಎದೆಯಡಿ, ತೊಡೆಸಂದಿಯಲ್ಲಿ ಜೋತುಬಿದ್ದು ಮಡಿಕೆಯಾಗುತ್ತದೆ. ಅಲ್ಲಿ ಚರ್ಮಕ್ಕೆ ಚರ್ಮ ಉಜ್ಜಿ, ಬೆವರು ನಿಂತು, ಕೆಂಪಾಗಿ ಉರಿಯುತ್ತದೆ. ವೈದ್ಯರು ಇದನ್ನು ಇಂಟರ್‌ಟ್ರೈಗೊ ಎನ್ನುತ್ತಾರೆ. ಇದು ಕೊಳಕಿನ ಗುರುತಲ್ಲ, ನಾಚಿ ಮುಚ್ಚಿಡಬೇಡಿ.

ಮಡಿಕೆ ಒಣಗಿರುವುದೇ ಮುಖ್ಯ. ಸೌಮ್ಯ ಸೋಪಿನಿಂದ ತೊಳೆಯಿರಿ, ತಿಕ್ಕಬೇಡಿ. ಮಡಿಕೆ ಎತ್ತಿ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಐದು ನಿಮಿಷ ಫ್ಯಾನಿನ ಗಾಳಿಗೆ ಬಿಡಿ. ನಡುವೆ ತೆಳು ಹತ್ತಿಬಟ್ಟೆ ಇಟ್ಟುಕೊಂಡು, ಒದ್ದೆಯಾದಾಗ ಬದಲಿಸಿ. ಜಿಂಕ್ ಆಕ್ಸೈಡ್ ಮುಲಾಮನ್ನು ತೆಳ್ಳಗೆ ಸವರಿದರೆ ಉಜ್ಜಾಟ ತಗ್ಗುತ್ತದೆ. ಪೌಡರ್ ಮಾತ್ರ ಬೆವರಿಗೆ ಗಂಟುಕಟ್ಟಿ ಇನ್ನಷ್ಟು ಒರಟಾಗಬಹುದು.

ಕೆಂಪಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದು ತುರಿಸಿದರೆ ಕ್ಯಾಂಡಿಡಾ ಶಿಲೀಂಧ್ರದ ಸೋಂಕಿರಬಹುದು. ಆಗ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ 'ಎಲ್ಲದಕ್ಕೂ ಒಂದೇ' ಟ್ಯೂಬು ಬೇಡ. ಅಂಥ ಎಷ್ಟೋ ಮಿಶ್ರಣಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಎರಡು ದಿನ ತುರಿಕೆ ಅಡಗುತ್ತದೆ, ಒಳಗೆ ಸೋಂಕು ಹರಡುತ್ತದೆ. ಹಚ್ಚುತ್ತಲೇ ಇದ್ದರೆ ಚರ್ಮವೂ ತೆಳುವಾಗುತ್ತದೆ. ಚರ್ಮವೈದ್ಯರಿಗೇ ತೋರಿಸಿ. ಕೀವು, ಜ್ವರ ಬಂದರೆ, ಸಕ್ಕರೆ ಕಾಯಿಲೆ ಇದ್ದರೆ ತಡಮಾಡಬೇಡಿ.

ಎಷ್ಟು ಮಾಡಿದರೂ ಮರುಕಳಿಸುತ್ತಿದ್ದರೆ, ತೂಕ ಕೆಲವು ತಿಂಗಳು ಸ್ಥಿರವಾಗಿ ನಿಂತ ಮೇಲೆ, ಹೆಚ್ಚಿನ ಚರ್ಮ ತೆಗೆಯುವ ಶಸ್ತ್ರಚಿಕಿತ್ಸೆಯ ಬಗ್ಗೆ ಪ್ಲಾಸ್ಟಿಕ್ ಸರ್ಜನ್ ಬಳಿ ಕೇಳಬಹುದು.

ಅಲ್ಲಿಯವರೆಗೆ, ದಿನಾ ತೂಕ ನೋಡುವ ಶ್ರದ್ಧೆಯಲ್ಲೇ ಐದು ನಿಮಿಷ ಚರ್ಮಕ್ಕೂ ಕೊಡಿ.